ನಮ್ಮತ್ತೆಯ ಎಡಗಾಲು ಸರಕಾರದ್ದಾದದ್ದು

ನಮ್ಮೂರಿನ ಹೆಸರು ಹೇಳುವುದಿಲ್ಲ. ರೋಣದವರು ಅದು ಗಜೇಂದ್ರಗಡ ಎಂದುಕೊಳ್ಳಲಿ, ಗಜೇಂದ್ರಗಡದವರು ನರಗುಂದ ಎಂದುಕೊಳ್ಳಲಿ, ನರಗುಂದದವರಂತೂ ಹೇಗೂ "ರೋಣದ ಕಡೀನ ಇರಬೇಕು, ಹಿಂತಾವೆಲ್ಲಾ ಅಲ್ಲೇ ಆಗೂದು" ಎನ್ನುತ್ತಾರೆ. ಮೂರೂ ಕಡೆ ನನಗೆ ಬೀಗರಿದ್ದಾರೆ. ಯಾರ ಬಾಯಿಗೂ ಬೀಳುವ ಆಸೆ ನನಗಿಲ್ಲ.

ಇಷ್ಟು ಮಾತ್ರ ಹೇಳುತ್ತೇನೆ. ಊರ ಹಿಂದೆ ಗುಡ್ಡ, ಮುಂದೆ ಎರೆಹೊಲ, ನಡುವೆ ಒಂದು ಹಳ್ಳ. ಈ ಹಳ್ಳ ವರ್ಷದ ಹನ್ನೊಂದು ತಿಂಗಳು ಹಂದಿಗಳ ಮನೆ. ಉಳಿದ ಒಂದು ತಿಂಗಳಲ್ಲಿ ಯಾವಾಗ ಬೇಕಾದರೂ, ಗುಡ್ಡದ ಮೇಲೆ ಮಳೆಯಾದರೆ ಸಾಕು, ಪೇಟೆಯೊಳಗೆ ಬಂದು ಅಂಗಡಿ ಅಂಗಡಿ ಹೊಕ್ಕು ಹೋಗುತ್ತದೆ. ಎರಡು ಸಾವಿರದ ಇಸವಿ ದಾಟಿ ಆರೇಳು ವರ್ಷವಾಗಿತ್ತು. ನಾನು ಪುರಸಭೆಯಲ್ಲಿ ಕ್ಲಾರ್ಕು. ಆಫೀಸಿಗೆ ಕಂಪ್ಯೂಟರು ಬಂದಿತ್ತು, ಆದರೆ ಧೂಳು ಬೀಳದಂತೆ ಅದಕ್ಕೆ ಹೊದಿಸಿದ್ದ ಬಟ್ಟೆಯನ್ನು ತೆಗೆಯುವ ಧೈರ್ಯ ಇನ್ನೂ ಯಾರಿಗೂ ಬಂದಿರಲಿಲ್ಲ.

ಆಗ ಜಿಲ್ಲೆಯಿಂದ ಒಂದು ಸುತ್ತೋಲೆ ಬಂತು. ನೆರೆ, ಬರ, ಬೆಂಕಿ, ಏನೇ ಬಂದರೂ ಊರು ಹೇಗೆ ಎದುರಿಸುತ್ತದೆ ಎಂದು ಪ್ರತಿ ಊರೂ ಒಂದು ಯೋಜನೆ ಬರೆದು ಎಂಟು ದಿನದಲ್ಲಿ ಕಳಿಸಬೇಕು. ನಮ್ಮ ಮುಖ್ಯಾಧಿಕಾರಿ ಮೈಸೂರು ಕಡೆಯವರು, ಬಂದು ಮೂರು ತಿಂಗಳಾಗಿತ್ತು, ಜೋಳದ ರೊಟ್ಟಿ ಇನ್ನೂ ಅವರ ಹೊಟ್ಟೆಗೆ ಹೊಂದಿರಲಿಲ್ಲ. ಸುತ್ತೋಲೆ ಏಳು ದಿನ ಅವರ ಮೇಜಿನ ಮೇಲೆ ಮಲಗಿತು. ಎಂಟನೆಯ ದಿನ ಸಂಜೆ ಐದಕ್ಕೆ ನನ್ನ ಮೇಜಿಗೆ ಬಂತು.

"ಎಲ್ಲಾ ಕಾಲಂ ತುಂಬಿಬಿಡಿ. ಖಾಲಿ ಮಾತ್ರ ಬಿಡಬೇಡಿ, ಖಾಲಿ ಬಿಟ್ರೆ ಯಾಕೆ ಅಂತ ಕೇಳ್ತಾರೆ" ಎಂದರು ಸಾಹೇಬರು.

ನನಗೆ ಮೊದಲೇ ಮೂಗಿನ ಮೇಲೆ ಸಿಟ್ಟು. ಮನೆಗೆ ಹೋಗಿ ಒಲೆ ಹೊತ್ತಿಸುವ ಹೊತ್ತು ಅದು. ಪಟಪಟ ತುಂಬುತ್ತ ಹೋದೆ. ಹಗ್ಗ: ಒಂದು. ಅದರ ಮೇಲೆ ನಮ್ಮ ಜವಾನನ ಧೋತರ ಒಣಗುತ್ತದೆ ಎಂದು ಬರೆಯಲಿಲ್ಲ. ದೋಣಿ: ಇಲ್ಲ. ಈಜು ಬಲ್ಲವರು: ಎಮ್ಮೆಗಳು, ಎಂದು ಬರೆದು ಹೊಡೆದುಹಾಕಿದೆ. ಕೊನೆಯ ಕಾಲಂ, ಮುನ್ನೆಚ್ಚರಿಕೆ ನೀಡುವ ಉಪಕರಣ. ಆಫೀಸಿನಲ್ಲಿದ್ದದ್ದು ಗಂಟಲು ಕಟ್ಟಿದ ಒಂದು ಮೈಕು. ಒಂದು ಕ್ಷಣ ಯೋಚಿಸಿ ಬರೆದೆ: ಕುಣಿಮಗ್ಗ, ಒಂದು, ನೇಕಾರ ಓಣಿ. ಸಾಹೇಬರು ಓದದೆ ಸಹಿ ಹಾಕಿದರು.

ಸುಳ್ಳು ಬರೆಯಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಮಗ್ಗ ನಮ್ಮ ಮನೆಯದು, ನಮ್ಮತ್ತೆಯದು. ನೆಲದಲ್ಲಿ ಒಂದು ಕುಣಿ ತೋಡಿರುತ್ತದೆ. ಅದರ ದಂಡೆಯ ಮೇಲೆ ಕೂತು, ಕಾಲು ಕುಣಿಯೊಳಗೆ ಇಳಿಬಿಟ್ಟು, ಕೆಳಗಿನ ಹಲಗೆ ತುಳಿಯುತ್ತ ಸೀರೆ ನೇಯುವುದು. ಅತ್ತೆ ಅದರಲ್ಲಿ ಮೂವತ್ತು ವರ್ಷ ಕಾಲಿಟ್ಟವರು. ಓಣಿಯ ಉಳಿದವರೆಲ್ಲ ತಮ್ಮ ಕುಣಿಗೆ ಸಿಮೆಂಟು ಹಾಕಿಸಿಕೊಂಡಿದ್ದರು. ನಮ್ಮದು ಮಾತ್ರ ಮಣ್ಣಿನದು, ಅದೂ ಹಳ್ಳದ ದಂಡೆಯ ಕೊನೆಯ ಮನೆ. ಬಸ್ ಕಂಡಕ್ಟರಾಗಿದ್ದ ನನ್ನ ಗಂಡ ಮುಂದಿನ ಸೂಟಿಗೆ ಹಾಕಿಸುತ್ತೇನೆ ಎನ್ನುತ್ತಲೇ ಇದ್ದರು. ಅವರಿಗೆ ಸೂಟಿ ಸಿಗುವುದು ಬಸ್ಸು ಕೆಟ್ಟಾಗ ಮಾತ್ರ.

ಗುಡ್ಡದ ಮೇಲೆ ಮಳೆ ಜೋರಾದರೆ ನೀರು ಮೊದಲು ಮಣ್ಣಿನೊಳಗಿನಿಂದ ನಮ್ಮ ಕುಣಿಗೆ ಜಿನುಗುತ್ತಿತ್ತು. ಅದಾಗಿ ಒಂದು ತಾಸು, ಒಂದೂವರೆ ತಾಸಿಗೆ ಹಳ್ಳ ಪೇಟೆಗೆ ಬರುತ್ತಿತ್ತು. ಇದು ಊರಿಗೆಲ್ಲ ಗೊತ್ತು. ಮಳೆಗಾಲದಲ್ಲಿ ಕಿರಾಣಿ ಅಂಗಡಿಯವರು, ಬಳೆ ಅಂಗಡಿಯವರು ನಮ್ಮ ಬಾಗಿಲಲ್ಲಿ ಇಣುಕಿ "ಯಕ್ಕಾ, ಎಷ್ಟ ಐತಿ?" ಎಂದು ಕೇಳಿ ಹೋಗುವರು. ಅತ್ತೆ ಲಾಳಿ ನಿಲ್ಲಿಸದೆ ಹೇಳುವರು. ಬೆರಳ ಮಟ ಎಂದರೆ ಚಿಂತೆಯಿಲ್ಲ. ಹಿಂಬಡದ ಮಟ, ಅಂದರೆ ಹಿಮ್ಮಡಿಯವರೆಗೆ, ಎಂದರೆ ಬೆಲ್ಲದ ಪೆಂಟಿ ಮೇಲಿಡಬೇಕು. ಮೀನಖಂಡ ಮುಳುಗಿತು ಎಂದರೆ ಅಂಗಡಿ ಹಾಕಿಕೊಂಡು ಮಾಳಿಗೆ ಹತ್ತಬೇಕು. ಅವರ ಮಾತು ಒಮ್ಮೆಯೂ ಸುಳ್ಳಾಗಿರಲಿಲ್ಲ.

ಆದರೆ ಆ ಮಾತಿನ ಹಿಂದೆ ಎರಡು ಕಾಲುಗಳಿದ್ದವು. ವರ್ಷಾನುಗಟ್ಟಲೆ ತೇವದಲ್ಲಿದ್ದು ಬೆರಳ ಸಂದಿ ಬಿಳಿಚಿ, ಕೊಳೆತು, ಹುಣ್ಣಾಗಿದ್ದವು. ಆ ವರ್ಷ ದವಾಖಾನೆಯ ಡಾಕ್ಟರು ಖಡಕ್ಕಾಗಿ ಹೇಳಿದ್ದರು, ಕಾಲು ಒಣಗಿರಬೇಕು, ಇಲ್ಲ ಮಗ್ಗ ಬಿಡಬೇಕು ಎಂದು. ಮಗ್ಗ ಬಿಡು ಎಂದರೆ ನಮ್ಮತ್ತೆಗೆ ಉಸಿರು ಬಿಡು ಎಂದಂತೆ. ಈ ಸಲ ಮಳೆ ಹಿಡಿಯುವುದರೊಳಗೆ ಸಿಮೆಂಟು ಹಾಕಿಸೇ ಹಾಕಿಸುತ್ತೇನೆ ಎಂದು ನಾನು ಮಾತು ಕೊಟ್ಟಿದ್ದೆ.

ಹದಿನೈದು ದಿನಕ್ಕೆ ಜಿಲ್ಲೆಯಿಂದ ಇಬ್ಬರು ಬಂದರು. ನನ್ನ ನೌಕರಿ ಹೋಯಿತು ಎಂದುಕೊಂಡೆ. ಬಂದದ್ದು ನೋಡಿದರೆ ಹೊಗಳುವುದಕ್ಕೆ. ಉಳಿದ ಊರಿನವರು ಎಲ್ಲೆಲ್ಲಿಂದಲೋ ನಕಲು ಮಾಡಿ ಕಳಿಸಿದ್ದರಂತೆ. ಒಂದು ಊರಿನ ಯೋಜನೆಯಲ್ಲಿ ಸಮುದ್ರ ಉಕ್ಕಿದರೆ ಬಲೆಗಳನ್ನು ಎಲ್ಲಿಡಬೇಕು ಎಂದಿತ್ತಂತೆ. ಯಾವ ಊರೆಂದು ಹೇಳಲಾರೆ, ಅಲ್ಲೂ ನನಗೆ ಬೀಗರಿದ್ದಾರೆ. ನಮ್ಮದನ್ನು ನೋಡಿ "ಇದು ನೋಡ್ರಿ ಖರೇ ಸ್ಥಳೀಯ ಜ್ಞಾನ" ಎಂದು ಒಬ್ಬರು ನಮ್ಮ ಸಾಹೇಬರ ಕೈ ಕುಲುಕಿದರು. ಸಾಹೇಬರು ಆಗಲೇ ಮೊದಲ ಸಲ ತಾವು ಸಹಿ ಹಾಕಿದ್ದನ್ನು ಓದಿದರು.

ಇಬ್ಬರೂ ನಮ್ಮ ಮನೆಗೆ ಬಂದು ಕುಣಿಯ ಗೋಡೆಗೆ ಹಸಿರು, ಹಳದಿ, ಕೆಂಪು ಗೆರೆ ಎಳೆಯಲು ನೋಡಿದರು. ಹಸಿ ಮಣ್ಣಿಗೆ ಬಣ್ಣ ಹಿಡಿಯುತ್ತದೆಯೇ? ಸಂಜೆಗೆಲ್ಲ ಉದುರಿತು. ಹಾಗಾದರೆ ಇಷ್ಟು ವರ್ಷ ಹೇಗೆ ಅಳೆಯುತ್ತಿದ್ದಿರಿ ಎಂದು ಕೇಳಿದರು. ಅತ್ತೆ ಸುಮ್ಮನೆ ಕಾಲು ಚಾಚಿದರು. ಬಲಗಾಲಿಗೆ ಆವತ್ತು ಮುಲಾಮಿನ ಪಟ್ಟಿ ಕಟ್ಟಿತ್ತು, ಹಾಗಾಗಿ ಎಡಗಾಲಿಗೆ ಟೇಪು ಹಿಡಿದರು. ಹಿಮ್ಮಡಿಗೆ ಇಷ್ಟು, ಮೀನಖಂಡಕ್ಕೆ ಇಷ್ಟು, ಮೊಣಕಾಲಿಗೆ ಇಷ್ಟು. ಯೋಜನೆ ಮಂಜೂರಾಗಿ ಬಂದಾಗ ನೋಡಿದರೆ, ಅಳತೆಪಟ್ಟಿ ಎನ್ನುವ ಕಡೆ ಎಡಗಾಲು ಎಂದು ಟೈಪಾಗಿತ್ತು. ಕೆಳಗೆ ಇನ್ನೊಂದು ಸಾಲು: ಉಪಕರಣದ ಮೂಲಸ್ಥಿತಿಯನ್ನು ಬದಲಿಸತಕ್ಕದ್ದಲ್ಲ. ಮಗ್ಗದ ಕಂಬಕ್ಕೆ ಬಿಳಿ ಬಣ್ಣದಲ್ಲಿ ಒಂದು ನಂಬರೂ ಬಿತ್ತು.

ಆ ಸಾಲು ಓದಿದವಳೇ ಎದ್ದೆ. ಸಾಹೇಬರನ್ನು ಕೇಳಿದೆ, ಕುಣಿಗೆ ಸಿಮೆಂಟು ಹಾಕಬಹುದೇ ಎಂದು. "ಛೆ ಛೆ, ಸಿಮೆಂಟ್ ಹಾಕಿದ್ರೆ ನೀರು ಹೇಗ್ರೀ ಬರುತ್ತೆ? ಅದು ಈಗ ಸರಕಾರಿ ಉಪಕರಣ" ಎಂದರು.

ಮನೆಗೆ ಬಂದು ಅತ್ತೆಗೆ ಹೇಳಿದೆ. ಅತ್ತೆ ಕಾಲಿಗೆ ಮುಲಾಮು ಹಚ್ಚಿಕೊಳ್ಳುತ್ತಿದ್ದರು.

"ಕುಣಿ ಅವರದು ಅಂದ್ರ ಕಾಲೂ ಅವರವನ? ಹಂಗಾರ ಮುಲಾಮ ಬಂದು ಅವರ ಹಚ್ಚಲಿ" ಎಂದರು.

ಮರುದಿನದಿಂದ ನಮ್ಮ ಜವಾನ ದಿನಾ ಮುಂಜಾನೆ ಒಂದು ರಜಿಸ್ಟರು ಹಿಡಿದು ಮನೆಗೆ ಬರತೊಡಗಿದ. ನಿವೃತ್ತಿಗೆ ಎರಡು ವರ್ಷವಿದ್ದ, ಬಾಯಿ ತುಂಬ ಎಲೆಅಡಿಕೆಯ ಮನುಷ್ಯ. "ಅಕ್ಕಾರ, ಇವತ್ತೆಷ್ಟರಿ?" ಎನ್ನುವನು. "ಬೆರಳ ಮಟ" ಎನ್ನುವರು ಅತ್ತೆ. ಬರೆದುಕೊಂಡು, ಚಾ ಕುಡಿದು, ಅವಲಕ್ಕಿ ಇದ್ದರೆ ಅದನ್ನೂ ತಿಂದು ಹೋಗುವನು. ಯೋಜನೆಯಿಂದ ಊರಿನಲ್ಲಿ ಮೊದಲು ಉದ್ಧಾರವಾದದ್ದು ಅವನ ಹೊಟ್ಟೆ.

ಶ್ರಾವಣದ ಜಿಟಿಜಿಟಿ ಮಳೆಗೆ ಅತ್ತೆಯ ಕಾಲು ಕೆಟ್ಟೇಹೋಯಿತು. ಮಗ್ಗದಿಂದ ಎದ್ದು ಒಲೆಯವರೆಗೆ ಬರುವಷ್ಟರಲ್ಲಿ ಮೂರು ಕಡೆ ಗೋಡೆ ಹಿಡಿಯುತ್ತಿದ್ದರು. ಒಂದು ದಿನ ನೆಲದ ಮೇಲೆ ರಕ್ತದ ಹೆಜ್ಜೆ ಕಂಡಿತು. ಬರೆದವಳು ನಾನು. ಸೊಕ್ಕಿಗೆ ಬರೆದದ್ದು, ಒಲೆಯ ಅವಸರಕ್ಕೆ ಬರೆದದ್ದು. ಆ ಹೆಜ್ಜೆ ಒರೆಸುವಾಗ ನನಗೆ ನನ್ನ ಮೇಲೆ ಬಂದಷ್ಟು ಸಿಟ್ಟು ಯಾರ ಮೇಲೂ ಬಂದಿರಲಿಲ್ಲ.

ಜವಾನ ಮೊಮ್ಮಗನನ್ನು ನೋಡಲು ಎಂಟು ದಿನ ಸೂಟಿ ಹಾಕಿ ಬೆಳವಣಕಿಗೆ ಹೋದ. ಅವನು ಬಸ್ಸು ಹತ್ತಿದ್ದನ್ನು ನೋಡಿಕೊಂಡೇ ನಾನು ಎದುರು ಮನೆಯ ಗೌಂಡಿ ಚಾಚಾನನ್ನು ಕರೆದೆ. ಊರಿನ ಅರ್ಧ ಮನೆಗಳನ್ನು ಕಟ್ಟಿದ ಮುದುಕ ಅವರು. ಕುಣಿ ನೋಡಿ, ಕಂಬದ ಮೇಲಿನ ನಂಬರು ನೋಡಿ ತಲೆ ಕೆರೆದುಕೊಂಡರು.

"ಬೇಟಿ, ಇದು ಸರಕಾರದ್ದು ಅಂತಾರಲ್ಲ?"

"ಕುಣಿ ಸರಕಾರದ್ದು ಚಾಚಾ, ಕಾಲು ನಮ್ಮತ್ತೀವು" ಎಂದೆ.

ಚಾಚಾ ಅಂಗಿಯ ತೋಳು ಮಡಿಚಿ ಕುಣಿಗೆ ಇಳಿದರು. ತಳಕ್ಕೆ ಕಲ್ಲು ಹಾಸಿ, ಸುತ್ತ ಸಿಮೆಂಟಿನ ಗಿಲಾವು ಮಾಡಿ, ಅಂಗೈಯಿಂದ ಸವರಿ ನುಣುಪು ಮಾಡಿಕೊಟ್ಟರು. ವಾರ ಕಳೆದು ಅತ್ತೆ ಮೊದಲ ಸಲ ಕಾಲು ಇಳಿಸಿದರು. ಒಣ ನೆಲ. ಮತ್ತೊಮ್ಮೆ ಎತ್ತಿ ಮತ್ತೊಮ್ಮೆ ಇಳಿಸಿದರು. ಆಮೇಲೆ ಮಗನ ಯೂನಿಫಾರ್ಮಿನ ಖಾಕಿ ಕಾಲುಚೀಲ ಹುಡುಕಿ, ಎರಡೂ ಕಾಲಿಗೆ ಏರಿಸಿಕೊಂಡು, ಸೀರೆ ಸ್ವಲ್ಪ ಎತ್ತಿ ನನಗೆ ತೋರಿಸಿದರು. ಇಳಕಲ್ ಸೀರೆ, ಮೂಗಿನಲ್ಲಿ ನತ್ತು, ಕಾಲಲ್ಲಿ ಕಂಡಕ್ಟರನ ಕಾಲುಚೀಲ. ನಾನು ನಕ್ಕು ನಕ್ಕು ಬಾಗಿಲಿಗೆ ಒರಗಿದೆ. ಅವರು ಮಾತ್ರ ಗಂಭೀರವಾಗಿ ಲಾಳಿ ಒಗೆಯತೊಡಗಿದರು. ಆ ಹದಿನೈದು ದಿನ ಅವರು ನೇಯುತ್ತ ಹಾಡಿದರು. ಕಾಲಿನ ಹುಣ್ಣು ಮಾಯತೊಡಗಿತು. ಸೂಟಿ ಮುಗಿಸಿ ಬಂದ ಜವಾನ ಚಾದ ಕಡೆ ಕಣ್ಣಿಟ್ಟು ಕೇಳಿ ಬರೆದುಕೊಳ್ಳುವನು, ಕುಣಿಯೊಳಗೆ ಒಮ್ಮೆಯೂ ಇಣುಕಲಿಲ್ಲ.

ಆಮೇಲೆ ಹಿಂಗಾರಿನ ಮಳೆ ಶುರುವಾಯಿತು. ನಾಲ್ಕು ದಿನ ಬಿಡಲಿಲ್ಲ. ಹೊಳೆಆಲೂರಿನ ಕಡೆ ಮಲಪ್ರಭೆ ಏರುತ್ತಿದೆ ಎಂದು ಫೋನು ಬಂತು. ಮರುದಿನ ನಮ್ಮೂರ ಸಂತೆ. ನಡೆಸುವುದೋ ಬಿಡುವುದೋ ಎಂದು ಸಾಹೇಬರಿಗೆ ಚಿಂತೆ. ಸಂತೆಯ ದಿನ ಮುಂಜಾನೆ ಜವಾನ ರಜಿಸ್ಟರು ತಂದಿಟ್ಟ. ಸಾಹೇಬರು ತೆರೆದು ನೋಡಿ ಮುಖ ಅರಳಿಸಿದರು. ಅದರಲ್ಲಿ "ಒಣ" ಎಂದಿತ್ತು. ಅರ್ಧ ತಾಸಿಗೆಲ್ಲ ಆಟೊದ ಮೇಲೆ ಮೈಕು ಕಟ್ಟಿ ಊರ ತುಂಬ ಸಾರಿದರು, ಕುಣಿ ಒಣಗಿದೆ, ಹಳ್ಳ ಬರುವುದಿಲ್ಲ, ಸಂತೆ ನಡೆಯುತ್ತದೆ ಎಂದು.

ನಾನು ಆವತ್ತು ತಡವಾಗಿ, ಮಧ್ಯಾಹ್ನಕ್ಕೆ ಆಫೀಸು ಮುಟ್ಟಿದವಳು. ದಾರಿಯಲ್ಲಿ ಆ ಸಾರುವಿಕೆ ಕಿವಿಗೆ ಬಿತ್ತು. ಹಳ್ಳದ ಅಂಚಿನವರೆಗೂ ಉಳ್ಳಾಗಡ್ಡಿ ಚೀಲ, ಮೆಣಸಿನಕಾಯಿ ರಾಶಿ, ಬಳೆ, ಹಗ್ಗ, ಕೈಗೂಸು ಕಟ್ಟಿಕೊಂಡ ಹೆಂಗಸರು. ಸಿಮೆಂಟು ಹಾಕಿಸುವಾಗ ಅತ್ತೆಯ ಕಾಲೊಂದು ಬಿಟ್ಟು ನನಗೆ ಬೇರೇನೂ ಹೊಳೆದಿರಲಿಲ್ಲ, ಇದನ್ನು ನಂಬಲೂ ಕಷ್ಟ, ಆದರೆ ಖರೇ. ಬಂದ ದಾರಿಯಲ್ಲೇ ಮನೆಗೆ ಓಡಿದೆ.

"ಅತ್ತಿ, ಒಣಾ ಅಂತ ಯಾಕ ಹೇಳಿದ್ರಿ?"

"ಒಣಾ ಐತಿ, ಒಣಾ ಅಂದೆ. ಸುಳ್ಳ ಹೇಳಲೇನು?" ಎಂದ ಅತ್ತೆ ನನ್ನ ಮುಖ ನೋಡಿದರು. ಲಾಳಿ ನಿಂತಿತು. ಅವರಿಗೂ ಆಗಲೇ ತಿಳಿಯಿತು.

"ನಾನು ಹೋಗಿ ಸಿಮೆಂಟ ಹಾಕಿಸೇನಿ ಅಂತ ಹೇಳತೀನ್ರಿ. ನೌಕರಿ ಹೋದ್ರ ಹೋಗಲಿ."

"ಸಿಮೆಂಟ ಹಾಕೇವಿ ಅಂದ್ರ ಮಂದಿ ನಗತಾರ, ಜಾಗಾ ಬಿಟ್ಟ ಏಳಂಗಿಲ್ಲ. ನೀರ ಎಷ್ಟ ಐತಿ ಅಂದ್ರ ಏಳತಾರ" ಎಂದರು. ಬಗ್ಗಿ ಕಾಲುಚೀಲ ಒಂದೊಂದಾಗಿ ಕಳಚಿದರು. ಮಡಿಚಿ, ಮಗ್ಗದ ಹಲಗೆಯ ಮೇಲಿಟ್ಟರು. "ಹಾರಿ ತಾ" ಎಂದರು.

ಹಿತ್ತಲಿನಿಂದ ಹಾರೆ ತಂದೆ. ನಾನು ಹೊಡೆದೆ, ಅತ್ತೆ ಹೊಡೆದರು. ಹಾರೆ ಪುಟಿದು ಬರುತ್ತಿತ್ತೇ ಹೊರತು ಬಿರುಕು ಕಾಣಲಿಲ್ಲ. ಚಾಚಾ ಜೀವಮಾನದಲ್ಲಿ ಅಷ್ಟು ಗಟ್ಟಿ ಕೆಲಸವನ್ನು ಇನ್ನೆಲ್ಲೂ ಮಾಡಿರಲಾರರು, ಅವರೇ ಕಟ್ಟಿದ ನಮ್ಮ ಶಾಲೆಯ ಗೋಡೆ ಎರಡು ಸಲ ಬಿದ್ದಿದೆ. ಸದ್ದು ಕೇಳಿ ಅವರೇ ಓಡಿಬಂದರು. ವಿಷಯ ತಿಳಿದು ಹಾರೆ ಇಸಿದುಕೊಂಡು, ಎರಡು ಕಲ್ಲು ಕೂಡಿದ ಕಡೆ ನೋಡಿ ಒಂದೇ ಏಟು ಹಾಕಿದರು. ಕಲ್ಲು ಎದ್ದಿತು. ಕೆಳಗೆ ಕಾದು ನಿಂತಿದ್ದ ನೀರು ಬುಗ್ಗೆಂದು ಮೇಲೆ ಬಂತು.

ಅತ್ತೆ ಎಡಗಾಲು ಇಳಿಸಿದರು. ಮಾಯುತ್ತಿದ್ದ ಹುಣ್ಣಿಗೆ ಕೆಸರು ನೀರು ತಾಗಿ ಅವರ ಮುಖ ಕಿವುಚಿತು. ಬೆರಳು ಮುಳುಗಿತು, ಹಿಮ್ಮಡಿ ಮುಳುಗಿತು. ನಾವು ಮೂವರೂ ಆ ಕಾಲನ್ನೇ ನೋಡುತ್ತ ನಿಂತೆವು.

"ಮೀನಖಂಡ. ಲಗೂನ ಓಡು" ಎಂದರು.

ಸಂತೆಯಲ್ಲಿ ಆಟೊ ಇನ್ನೂ ಭಯ ಬೇಡ, ಭಯ ಬೇಡ ಎನ್ನುತ್ತಿತ್ತು. ಮೈಕು ಕಸಿದುಕೊಂಡು ಕೂಗಿದೆ. ಏನು ಕೂಗಿದೆನೋ ನೆನಪಿಲ್ಲ. ಒಬ್ಬ ಉಳ್ಳಾಗಡ್ಡಿಯವನು ಮಾತ್ರ ಶಾಂತವಾಗಿ ಕೇಳಿದ, "ಯಾರ ಹೇಳಿದ್ರು?"

"ನಮ್ಮತ್ತಿ."

"ಎಷ್ಟಂತ?"

"ಮೀನಖಂಡ."

ಅಷ್ಟೇ. ಅವನು ಚೀಲ ಹೆಗಲಿಗೇರಿಸಿದ. ಅವನನ್ನು ನೋಡಿ ಪಕ್ಕದವನು, ಅವನನ್ನು ನೋಡಿ ಇಡೀ ಸಾಲು. ಮುಕ್ಕಾಲು ತಾಸಿನಲ್ಲಿ ಸಂತೆ ಗುಡ್ಡದ ಕಡೆಯ ದಿಬ್ಬ ಹತ್ತಿತು. ಹಳ್ಳ ಬಂತು. ಮೊಣಕಾಲು ದಾಟಿ, ಸೊಂಟ ದಾಟಿ ಬಂತು. ಒಯ್ದದ್ದು ಒಂದು ಬುಟ್ಟಿ ಬದನೆಕಾಯಿ, ಆಟೊದ ಮೇಲಿನ ಮೈಕು, ನನ್ನ ಎಡಗಾಲಿನ ಚಪ್ಪಲಿ. ಮನುಷ್ಯರೆಲ್ಲ ಉಳಿದರು.

ವಾರದ ಮೇಲೆ ನನಗೆ ಎರಡು ನೋಟಿಸು ಬಂದವು. ಅನುಮತಿಯಿಲ್ಲದೆ ಉಪಕರಣ ಮುಚ್ಚಿದ್ದಕ್ಕೆ ಒಂದು, ಅನುಮತಿಯಿಲ್ಲದೆ ಅದನ್ನು ತೆರೆದದ್ದಕ್ಕೆ ಇನ್ನೊಂದು. ಎರಡನ್ನೂ ಟೈಪು ಮಾಡಿದವಳು ನಾನೇ, ಆಫೀಸಿನಲ್ಲಿ ಟೈಪು ಬಲ್ಲವಳು ನಾನೊಬ್ಬಳೇ. ಎರಡನೆಯದರಲ್ಲಿ ಸಾಹೇಬರ ಒಂದು ತಪ್ಪನ್ನೂ ತಿದ್ದಿದೆ.

ವಿಚಾರಣೆಗೆ ಸಭೆ ಕರೆದರು. ಸದಸ್ಯರೆಲ್ಲ ಬಂದಿದ್ದರು, ಅವರಲ್ಲಿ ಮುಕ್ಕಾಲು ಜನರ ಅಂಗಡಿ ಪೇಟೆಯಲ್ಲಿತ್ತು. ಕರೆಯದಿದ್ದರೂ ಅತ್ತೆ ಬಂದರು, ಕಾಲಿಗೆ ಪಟ್ಟಿ, ಕೈಯಲ್ಲಿ ಆ ಖಾಕಿ ಕಾಲುಚೀಲ.

"ನಮ್ಮ ಸೊಸಿ ಬರದದ್ದೂ ಖರೇ, ಮುಚ್ಚಿದ್ದೂ ಖರೇ. ನನ್ನ ಕುಣಿಗೆ ನಾ ಸಿಮೆಂಟ ಹಾಕಿಸಾಕಿನ. ನಿಮಗ ಕುಣಿ ಬೇಕಂದ್ರ ಇಲ್ಲೇ ತೋಡ್ರಿ. ಸಾಹೇಬ್ರು ಹೆಂಗೂ ದಿನಾ ಒಂದ ಜಾಗಾದಾಗ ಕುಂತಿರತಾರ" ಎಂದರು.

ಸದಸ್ಯರು ಮೇಜು ಕುಟ್ಟಿದರು. ಸಾಹೇಬರು, "ಅಮ್ಮಾ, ಆಫೀಸು ಎತ್ತರದಲ್ಲಿದೆ. ಇಲ್ಲಿ ನೀರು ಬರಲ್ಲ" ಎಂದರು.

"ನಾ ಮದಿವ್ಯಾಗಿ ಬಂದಾಗ ಇಲ್ಲೇ ಕೊಡಾ ತುಂಬತಿದ್ದೆ. ಇದು ಕೆರಿ. ಮಣ್ಣ ಹಾಕಿ ಮುಚ್ಚಿ ಆಫೀಸ ಕಟ್ಟೀರಿ."

ಅಲ್ಲೇ ಕುಣಿ ತೋಡಬೇಕೆಂದು ಸದಸ್ಯರು ಕೈ ಎತ್ತಿದರು. ಠರಾವು ಪಾಸಾಯಿತು. ಗೌಂಡಿ ಚಾಚಾ ಬಂದು ಸಾಹೇಬರ ಮೇಜಿನ ಕೆಳಗೆ ನೆಲದ ನಾಲ್ಕು ಫರಸಿ ಕಲ್ಲು ಎಬ್ಬಿಸಿದರು. ತೊಡೆಮಟ್ಟ ತೋಡಬೇಕೆಂದಿದ್ದರು, ಗೇಣುದ್ದ ತೋಡುವಷ್ಟರಲ್ಲೇ ನೀರು ಬಂತು. ಮಂಜೂರಾದ ಯೋಜನೆಯಲ್ಲಿ ಅಳತೆಪಟ್ಟಿ ಕಾಲು ಎಂದೇ ಇತ್ತು. ತಿದ್ದಬೇಕೆಂದರೆ ಜಿಲ್ಲೆಗೆ ಬರೆಯಬೇಕು, ಜಿಲ್ಲೆಯವರು ಉತ್ತರ ಕೊಡಬೇಕು. ಅಲ್ಲಿಯವರೆಗೆ ಪ್ಯಾಂಟು ಮಡಿಚಿ ಸಾಹೇಬರು ಕಾಲಿಡಬೇಕಾಯಿತು. ಅವರ ಮೀನಖಂಡ ನಮ್ಮತ್ತೆಯದಕ್ಕಿಂತ ಎರಡು ಬೆರಳು ಮೇಲಿತ್ತು, ಆ ಎರಡು ಬೆರಳು ಕಳೆದು ಬರೆಯಬೇಕೆಂದು ಇನ್ನೊಂದು ಟಿಪ್ಪಣಿ ಹೊರಟಿತು. ಜವಾನ ಮುಂಜಾನೆ ರಜಿಸ್ಟರು ಹಿಡಿದು ಎದುರು ನಿಂತು "ಸಾಹೇಬ್ರ, ಇವತ್ತೆಷ್ಟರಿ?" ಎನ್ನುವನು. ಅಲ್ಲಿ ಚಾ ಸಿಗುವುದಿಲ್ಲವೆಂದು ಅವನಿಗೆ ಬೇಸರ.

ಹದಿನೆಂಟನೆಯ ದಿನ ಸಾಹೇಬರು ನಮ್ಮ ಮನೆ ಬಾಗಿಲಿಗೆ ಬಂದರು. ಕುಂಟುತ್ತಿದ್ದರು. ಅತ್ತೆಯನ್ನು ಕೇಳಿದರು, "ಅಮ್ಮಾ, ಆ ಮುಲಾಮು ಯಾವುದು?"

ಅತ್ತೆ ಡಬ್ಬಿ ಕೊಟ್ಟರು. ಹೇಗೆ ಹಚ್ಚಬೇಕೆಂದೂ ತೋರಿಸಿದರು.

ಆ ವಾರದಲ್ಲೇ ಜಿಲ್ಲೆಗೆ ಕಾಗದ ಹೋಯಿತು, ಸಾಹೇಬರು ತಾವೇ ಹೋಗಿ ಕೂತು ಉತ್ತರ ತಂದರು. ಹಳ್ಳದ ಸೇತುವೆಗೆ ಗೆರೆ ಕೊರೆದ ಕಲ್ಲು ನಿಂತಿತು. ಗುಡ್ಡದ ಬುಡದಲ್ಲಿ ಒಬ್ಬ ಕಾವಲುಗಾರ, ಆಫೀಸಿನ ಮೇಲೆ ನೀರು ಬಂದರೆ ಕೂಗುವ ಒಂದು ಭೋಂಗಾ. ನನ್ನ ಎರಡೂ ನೋಟಿಸು ರದ್ದಾದವು. ಚಾಚಾ ಒಂದೇ ದಿನ ಎರಡೂ ಕುಣಿಗಳ ಕೆಲಸ ಮುಗಿಸಿದರು, ನಮ್ಮದಕ್ಕೆ ಹೊಸ ಗಿಲಾವು, ಆಫೀಸಿನದಕ್ಕೆ ಮಣ್ಣು ಮತ್ತು ಫರಸಿ. ಮೂವತ್ತು ವರ್ಷ ಆಗದ್ದು ಹದಿನೆಂಟು ದಿನಕ್ಕೆ ಆಯಿತಲ್ಲ ಎಂದು ನಾನು ಹಲ್ಲು ಕಡಿದೆ.

ಅತ್ತೆಗೆ ಸಿಟ್ಟಿರಲಿಲ್ಲ. ಮಗನಿಂದ ಎರಡು ಜೋಡಿ ಹೊಸ ಖಾಕಿ ಕಾಲುಚೀಲ ತರಿಸಿದರು. ಒಂದನ್ನು ತಾವು ಹಾಕಿಕೊಂಡು, ಇನ್ನೊಂದನ್ನು ನನ್ನ ಕೈಗಿಟ್ಟು, "ಸಾಹೇಬ್ರಿಗೆ ಕೊಡು. ಅವರೂ ಯಾರದೋ ಮಗಾನ ಅಲ್ಲೇನು" ಎಂದರು.

ಕೊಟ್ಟೆ. ಸಾಹೇಬರು ಅವನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಕೇಳಿದರು, "ಮೂವತ್ತು ವರ್ಷಾನೂ ಅವರಿಗೆ ಹೀಗೇ ಆಗ್ತಿತ್ತೇನ್ರೀ?"

"ಹೌದ್ರಿ" ಎಂದೆ. ಅವರು ಬಗ್ಗಿ ಕಾಲುಚೀಲ ಹಾಕಿಕೊಳ್ಳುವವರೆಗೂ ನಾನು ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದೆ.